ಪ್ಯಾಂಟ್ ಜೇಬಿನ ಮೊಬೈಲ್: ಭಯ ಎಷ್ಟು, ವಿಜ್ಞಾನ ಎಷ್ಟು?

"ಮೊಬೈಲ್ ಪ್ಯಾಂಟ್ ಜೇಬಲ್ಲಿ ಇಟ್ಕೋಬೇಡ ಕಣೋ, ಮುಂದೆ ಮಕ್ಕಳಾಗಲ್ಲ." ಈ ಮಾತು ಕೇಳದ ಹುಡುಗ ನಮ್ಮ ಕ್ಯಾಂಪಸ್‌ನಲ್ಲಿ ಇರಲಿಕ್ಕಿಲ್ಲ. ಮನೆಯಲ್ಲಿ ಮಾವನೋ ದೊಡ್ಡಪ್ಪನೋ ಹೇಳಿರ್ತಾರೆ, ಇಲ್ಲಾಂದ್ರೆ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದಿರುತ್ತೆ. ಕೇಳಿದವರಲ್ಲಿ ಎರಡು ಗುಂಪು. ಒಂದು ಗುಂಪು ನಕ್ಕು ಸುಮ್ಮನಾಗುತ್ತೆ. ಇನ್ನೊಂದು ಗುಂಪು ಯಾರಿಗೂ ಹೇಳದೆ ಮೊಬೈಲನ್ನ ಬ್ಯಾಗಿಗೆ ಹಾಕ್ಕೊಳ್ಳುತ್ತೆ. ಎರಡೂ ಗುಂಪಿನವರು ಈ ವಿಷಯವನ್ನ ಜೋರಾಗಿ ಕೇಳೋದಿಲ್ಲ, ಯಾಕಂದ್ರೆ ವಿಷಯ "ಅಲ್ಲಿಯದ್ದು".

ಆದರೆ ನಾವು ಎಂಜಿನಿಯರಿಂಗ್ ಓದ್ತಾ ಇರೋರು. ಮೊದಲ ವರ್ಷದಲ್ಲೇ ಪ್ಲಾಂಕ್ ಸ್ಥಿರಾಂಕ ಬರೆದಿದ್ದೀವಿ, ಡೆಸಿಬಲ್ ಅಂದ್ರೆ ಏನು ಅಂತ ಗೊತ್ತು. ಈ ಪ್ರಶ್ನೆಯ ಅರ್ಧ ಭಾಗ ನಮ್ಮ ಸಿಲಬಸ್‌ನಲ್ಲೇ ಇದೆ. ಉಳಿದ ಅರ್ಧ ಭಾಗ ಜೀವಶಾಸ್ತ್ರ. ಎರಡನ್ನೂ ಸೇರಿಸಿ ನೋಡೋಣ.

ಯಾವ ವಿಕಿರಣ?

"ರೇಡಿಯೇಷನ್" ಅಂದ ತಕ್ಷಣ ತಲೆಗೆ ಬರೋದು ಹಿರೋಷಿಮಾ, ಚೆರ್ನೋಬಿಲ್, ಎಕ್ಸ್‌ರೇ ರೂಮಿನ ಬಾಗಿಲ ಮೇಲಿನ ಹಳದಿ ಚಿಹ್ನೆ. ಗೊಂದಲ ಶುರುವಾಗೋದೇ ಇಲ್ಲಿ. ಭೌತಶಾಸ್ತ್ರದಲ್ಲಿ ವಿಕಿರಣ ಅಂದ್ರೆ ಶಕ್ತಿ ಹರಡೋದು, ಅಷ್ಟೇ. ಟ್ಯೂಬ್‌ಲೈಟಿನ ಬೆಳಕೂ ವಿಕಿರಣ, ಒಲೆಯ ಕಾವೂ ವಿಕಿರಣ.

ಒಂದು ಫೋಟಾನ್‌ನ ಶಕ್ತಿ ಎಷ್ಟು ಅಂದ್ರೆ ಪ್ಲಾಂಕ್ ಸ್ಥಿರಾಂಕವನ್ನ ಆವರ್ತನದಿಂದ ಗುಣಿಸಿದಷ್ಟು. ಮೊಬೈಲ್ ಕೆಲಸ ಮಾಡೋ 2 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು 8.3 ಮೈಕ್ರೋ ಎಲೆಕ್ಟ್ರಾನ್ ವೋಲ್ಟ್. ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಡಿಎನ್‌ಎಯನ್ನ ನೇರವಾಗಿ ಮುರಿಯಬೇಕಾದರೆ ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಂದರೆ ಮೊಬೈಲಿನ ಫೋಟಾನ್ ಅದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ದುರ್ಬಲ. ಫೋಟಾನ್‌ಗಳ ಸಂಖ್ಯೆ ಎಷ್ಟೇ ಜಾಸ್ತಿ ಆದರೂ ಒಂದೊಂದರ ಶಕ್ತಿ ಅಷ್ಟೇ ಇರುತ್ತೆ. ಹಾಗಾಗಿ ಎಕ್ಸ್‌ರೇ ಮಾಡೋ ಥರದ ಹಾನಿಯನ್ನ ಮೊಬೈಲ್ ಮಾಡಲಾರದು. ಇದರ ಬಗ್ಗೆ ಅನುಮಾನ ಬೇಡ.

ಹಾಗಾದರೆ ಕಥೆ ಮುಗೀತಾ? ಇಲ್ಲ. ರೇಡಿಯೋ ತರಂಗ ಇನ್ನೊಂದು ಕೆಲಸ ಮಾಡುತ್ತೆ. ನೀರಿನಂಥ ಅಣುಗಳನ್ನ ಅಲುಗಾಡಿಸಿ ಬಿಸಿ ಮಾಡುತ್ತೆ. ಮೈಕ್ರೋವೇವ್ ಓವನ್ ಮಾಡೋದೂ ಇದನ್ನೇ, ಆದರೆ ಅಲ್ಲಿ ಸಾವಿರ ವ್ಯಾಟ್‌ನ ಆಸುಪಾಸು ಇರುತ್ತೆ. ನಮ್ಮ 4ಜಿ ಫೋನು ಹೆಚ್ಚೆಂದರೆ 0.2 ವ್ಯಾಟ್ ಹೊರಹಾಕುತ್ತೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎರಡು. ಈ ಸಣ್ಣ ಕಾವು ಲೆಕ್ಕಕ್ಕೆ ಬರುತ್ತಾ? ಕಾವಿಲ್ಲದೆ ಬೇರೆ ಯಾವುದಾದರೂ ದಾರಿಯಲ್ಲಿ ಜೀವಕೋಶಕ್ಕೆ ತೊಂದರೆ ಆಗುತ್ತಾ?

1.6 ಅನ್ನೋ ಸಂಖ್ಯೆ

ನಿಮ್ಮ ಫೋನಿನ ಡಯಲ್ ಪ್ಯಾಡ್‌ನಲ್ಲಿ *#07# ಒತ್ತಿ ನೋಡಿ. "ಎಸ್‌ಎಆರ್" ಅಂತ ಒಂದು ಸಂಖ್ಯೆ ಬರುತ್ತೆ. ಒಂದು ಕಿಲೋಗ್ರಾಂ ಅಂಗಾಂಶ ಎಷ್ಟು ವ್ಯಾಟ್ ಶಕ್ತಿಯನ್ನ ಹೀರಿಕೊಳ್ಳುತ್ತೆ ಅನ್ನೋದರ ಅಳತೆ ಇದು. ಭಾರತದಲ್ಲಿ ಮಿತಿ ಪ್ರತಿ ಕೆಜಿಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. 2012ರಲ್ಲಿ ಸರ್ಕಾರ ಈ ಮಿತಿ ತಂತು. ಯುರೋಪಿನಲ್ಲಿ ತಲೆ ಮತ್ತು ಮುಂಡಕ್ಕೆ 2 ವ್ಯಾಟ್, ಆದರೆ 10 ಗ್ರಾಂ ಸರಾಸರಿಯಲ್ಲಿ. ಚಿಕ್ಕ ತುಣುಕಿನಲ್ಲಿ ಅಳೆದರೆ ಬಿಸಿ ಚುಕ್ಕೆಗಳು ಸಿಕ್ಕಿಬೀಳುತ್ತವೆ, ಹಾಗಾಗಿ ನಮ್ಮ ನಿಯಮ ಸ್ವಲ್ಪ ಬಿಗಿ.

1.6 ವ್ಯಾಟ್ ಅಂದ್ರೆ ಎಷ್ಟು ಬಿಸಿ? ಅಂಗಾಂಶದ ವಿಶಿಷ್ಟ ಶಾಖವನ್ನ ಪ್ರತಿ ಕೆಜಿಗೆ ಪ್ರತಿ ಡಿಗ್ರಿಗೆ 3500 ಜೂಲ್ ಅಂತ ಇಟ್ಕೊಳ್ಳಿ. ರಕ್ತ ಹರಿಯೋದೇ ಇಲ್ಲ, ಕಾವು ಎಲ್ಲೂ ಹೋಗೋದೇ ಇಲ್ಲ ಅಂದುಕೊಂಡರೆ ಹತ್ತು ನಿಮಿಷದಲ್ಲಿ ಏರೋದು ಸುಮಾರು 0.27 ಡಿಗ್ರಿ ಸೆಲ್ಸಿಯಸ್. ನಿಜದಲ್ಲಿ ರಕ್ತ ಹರಿತಾ ಇರುತ್ತೆ, ಕಾವನ್ನ ಹೊತ್ತುಕೊಂಡು ಹೋಗುತ್ತೆ. ಹಾಗಾಗಿ ಇನ್ನೂ ಕಡಿಮೆ. ಹೋಲಿಕೆಗೆ ಹೇಳೋದಾದರೆ, ಸುಮ್ಮನೆ ಕೂತಿರೋ ಮನುಷ್ಯನ ದೇಹವೇ ಪ್ರತಿ ಕೆಜಿಗೆ ಸುಮಾರು 1 ವ್ಯಾಟ್ ಕಾವು ಉತ್ಪಾದಿಸುತ್ತೆ.

ಆದರೆ ಈ ಟೆಸ್ಟ್‌ನಲ್ಲಿ ಒಂದು ಸೂಕ್ಷ್ಮ ಇದೆ. ಮೈಗೆ ತಾಗಿಸಿಕೊಳ್ಳೋ ಸ್ಥಿತಿಯನ್ನ ಪರೀಕ್ಷಿಸುವಾಗ ಫೋನಿಗೂ ದೇಹದ ಮಾದರಿಗೂ ನಡುವೆ ಸಾಮಾನ್ಯವಾಗಿ 5ರಿಂದ 15 ಮಿಲಿಮೀಟರ್ ಅಂತರ ಬಿಟ್ಟಿರ್ತಾರೆ. ನಮ್ಮ ಜೀನ್ಸ್ ಜೇಬಿನಲ್ಲಿ ಅಷ್ಟು ಅಂತರ ಎಲ್ಲಿ ಬರಬೇಕು! ಇದು ಬರೀ ತರ್ಕದ ಮಾತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ತರಂಗ ನಿಯಂತ್ರಣ ಸಂಸ್ಥೆ ಐಫೋನ್ 12ರ ಮಾರಾಟ ನಿಲ್ಲಿಸಲು ಹೇಳಿತು. ಕೈಯಲ್ಲಿ ಹಿಡಿದಾಗ ಅಥವಾ ಪ್ಯಾಂಟ್ ಜೇಬಿನಲ್ಲಿ ಇಟ್ಟಾಗಿನ ಸ್ಥಿತಿಯನ್ನ ಅವರು ಪರೀಕ್ಷಿಸಿದ್ದರು. ಕೈಕಾಲಿಗೆ ಇರೋ ಮಿತಿ 4 ವ್ಯಾಟ್, ಅಲ್ಲಿ ಬಂದಿದ್ದು 5.74. ಆಪಲ್ ಕಂಪನಿ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಇದರಿಂದ ಯಾರಿಗೋ ಕಾಯಿಲೆ ಬಂತು ಅಂತಲ್ಲ. ಈ ಮಿತಿಗಳನ್ನ ಹಾನಿ ಶುರುವಾಗೋ ಮಟ್ಟಕ್ಕಿಂತ ಬಹಳ ಕೆಳಗೆ ಇಟ್ಟಿರ್ತಾರೆ. ಆದರೆ ಜೇಬು ಅನ್ನೋದು ಲ್ಯಾಬ್‌ನ ಅಂದಾಜಿಗಿಂತ ಹತ್ತಿರದ ಜಾಗ ಅನ್ನೋದು ಇದರಿಂದ ಗೊತ್ತಾಗುತ್ತೆ.

ಆ ಭಾಗಕ್ಕೇ ಯಾಕೆ ಚಿಂತೆ?

ದೇಹದ ಮುಖ್ಯ ಅಂಗಗಳೆಲ್ಲ ಒಳಗೆ ಭದ್ರವಾಗಿವೆ. ವೃಷಣಗಳು ಮಾತ್ರ ಹೊರಗೆ ನೇತಾಡ್ತಾ ಇವೆ. ಕಾರಣ ಕೂಲಿಂಗ್! ವೀರ್ಯಾಣು ತಯಾರಾಗೋಕೆ ದೇಹದ 37 ಡಿಗ್ರಿ ಜಾಸ್ತಿ ಆಯ್ತು. ಅದಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಬೇಕು.

ಇದಕ್ಕೆ ದೇಹ ಮಾಡಿಕೊಂಡಿರೋ ವ್ಯವಸ್ಥೆ ನೋಡಿದರೆ ಮೆಕ್ಯಾನಿಕಲ್‌ನವರಿಗೆ ಖುಷಿ ಆಗುತ್ತೆ. ಕೆಳಗೆ ಇಳಿಯೋ ಬಿಸಿ ರಕ್ತದ ಅಪಧಮನಿಯ ಸುತ್ತ, ಮೇಲೆ ಹೋಗೋ ತಂಪು ರಕ್ತದ ಅಭಿಧಮನಿಗಳು ಬಳ್ಳಿಯ ಹಾಗೆ ಸುತ್ತಿಕೊಂಡಿವೆ. ಅಂದರೆ ಪಕ್ಕಾ ಕೌಂಟರ್ ಫ್ಲೋ ಹೀಟ್ ಎಕ್ಸ್‌ಚೇಂಜರ್. ರಕ್ತ ಒಳಗೆ ಹೋಗೋ ಮೊದಲೇ ತಣ್ಣಗಾಗಿರುತ್ತೆ. ಚಳಿಯಾದರೆ ಸ್ನಾಯು ಮೇಲಕ್ಕೆ ಎಳೆದುಕೊಳ್ಳುತ್ತೆ, ಸೆಕೆಯಾದರೆ ಕೆಳಗೆ ಬಿಡುತ್ತೆ. ಫೀಡ್‌ಬ್ಯಾಕ್ ಕಂಟ್ರೋಲ್ ಕೂಡ ಇದೆ!

ಇನ್ನೊಂದು ವಿಷಯ. ಒಂದು ವೀರ್ಯಾಣು ಶುರುವಿನಿಂದ ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ಉತ್ಪಾದನೆ ದಿನಾ ನಡೀತಾನೇ ಇರುತ್ತೆ. ಆದ್ದರಿಂದ ಇವತ್ತಿನ ಜ್ವರದ ಪರಿಣಾಮ ಮುಂದಿನ ಎರಡು ಮೂರು ತಿಂಗಳಲ್ಲಿ ಕಾಣಬಹುದು, ಆಮೇಲೆ ಸರಿಯೂ ಹೋಗಬಹುದು. ವೀರ್ಯಾಣುವಿನಲ್ಲಿ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳೋ ಸಾಮರ್ಥ್ಯ ತೀರಾ ಕಡಿಮೆ. ಹಾಗಾಗಿ ಸಂಶೋಧಕರು ಈ ಭಾಗದ ಬಗ್ಗೆ ವಿಶೇಷವಾಗಿ ಕೇಳೋದು ನ್ಯಾಯವೇ.

ಅಧ್ಯಯನಗಳು ಏನು ಹೇಳ್ತವೆ?

ಮೊದಲು ಲ್ಯಾಬ್. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಅಶೋಕ್ ಅಗರ್ವಾಲ್ ಅವರ ತಂಡ 32 ಗಂಡಸರ ವೀರ್ಯದ ಮಾದರಿ ತಗೊಂಡು, ಪ್ರತಿಯೊಂದನ್ನೂ ಎರಡು ಭಾಗ ಮಾಡಿತು. ಒಂದು ಭಾಗದಿಂದ 2.5 ಸೆಂಟಿಮೀಟರ್ ದೂರದಲ್ಲಿ, ಕಾಲ್‌ನಲ್ಲಿರೋ ಫೋನನ್ನ ಒಂದು ಗಂಟೆ ಇಟ್ಟರು. ಆ ಭಾಗದಲ್ಲಿ ವೀರ್ಯಾಣುಗಳ ಚಲನೆ ಕಡಿಮೆಯಾಗಿತ್ತು, ಆಕ್ಸಿಡೇಟಿವ್ ಒತ್ತಡ ಹೆಚ್ಚಾಗಿತ್ತು. ಅದೇ ವರ್ಷ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡವೂ 1.8 ಗಿಗಾಹರ್ಟ್ಸ್‌ನಲ್ಲಿ ಇಂಥದ್ದೇ ಫಲಿತಾಂಶ ಪಡೆಯಿತು. ಜೀವಕೋಶದ ಪವರ್ ಹೌಸ್ ಆದ ಮೈಟೋಕಾಂಡ್ರಿಯಾದಿಂದ ಎಲೆಕ್ಟ್ರಾನ್ ಸೋರಿ, ಆಮ್ಲಜನಕದ ಕ್ರಿಯಾಶೀಲ ಅಣುಗಳು ಹುಟ್ಟುತ್ತವೆ ಅನ್ನೋದು ಅವರ ವಿವರಣೆ. "ಕಾವಿಲ್ಲದ ದಾರಿ" ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಮುಖ್ಯ ಅಭ್ಯರ್ಥಿ ಇದು.

ಆದರೆ ಗಾಜಿನ ತಟ್ಟೆಗೂ ದೇಹಕ್ಕೂ ವ್ಯತ್ಯಾಸ ಇದೆ. ತಟ್ಟೆಯಲ್ಲಿ ಚರ್ಮ ಇಲ್ಲ, ರಕ್ತ ಇಲ್ಲ, ಮೇಲೆ ಹೇಳಿದ ಕೂಲಿಂಗ್ ಇಲ್ಲ. ನ್ಯೂಕ್ಯಾಸಲ್ ಪ್ರಯೋಗದಲ್ಲಿ ಎಸ್‌ಎಆರ್ ಪ್ರಮಾಣ 27.5ರವರೆಗೂ ಹೋಗಿತ್ತು. ನಮ್ಮ ಫೋನಿನ ಮಿತಿ 1.6.

ಇನ್ನು ಮನುಷ್ಯರ ಅಧ್ಯಯನ. 2008ರಲ್ಲಿ ಅಗರ್ವಾಲ್ ಅವರ ತಂಡವೇ 361 ಗಂಡಸರನ್ನ ಮೊಬೈಲ್ ಬಳಕೆಯ ಪ್ರಕಾರ ನಾಲ್ಕು ಗುಂಪು ಮಾಡಿತ್ತು. ಬಳಕೆ ಹೆಚ್ಚಾದಂತೆ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಇಳಿದಿದ್ದವು. ಆಗ ಪೇಪರ್‌ಗಳಲ್ಲಿ ದೊಡ್ಡ ಸುದ್ದಿ ಆಗಿದ್ದು ಇದೇ. ಆದರೆ ಆ 361 ಜನ ಸಂತಾನ ಸಮಸ್ಯೆಗೆ ಅಂತಲೇ ಕ್ಲಿನಿಕ್ಕಿಗೆ ಬಂದವರು. ಎಷ್ಟು ಗಂಟೆ ಮಾತಾಡ್ತೀರಿ ಅಂತ ಅವರನ್ನೇ ಕೇಳಿ ಬರೆದುಕೊಂಡದ್ದು.

2014ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 10 ಅಧ್ಯಯನಗಳ 1492 ಮಾದರಿಗಳನ್ನ ಒಟ್ಟುಗೂಡಿಸಿ ನೋಡಿದರು. ಚಲನೆ ಸರಾಸರಿ ಸುಮಾರು 8 ಶೇಕಡಾ ಕಡಿಮೆ ಅಂತ ಬಂತು. ಸಂಖ್ಯೆಯ ಮೇಲಿನ ಪರಿಣಾಮ ಸ್ಪಷ್ಟವಾಗಿರಲಿಲ್ಲ.

ಈಚಿನ ದೊಡ್ಡ ಅಧ್ಯಯನ ಬಂದದ್ದು 2023ರಲ್ಲಿ, ಸ್ವಿಟ್ಜರ್ಲೆಂಡಿನಿಂದ. ಅಲ್ಲಿ ಸೇನೆಗೆ ಸೇರೋ ವಯಸ್ಸಿನ 18ರಿಂದ 22 ವರ್ಷದ 2886 ಹುಡುಗರು. ಹೆಚ್ಚು ಕಮ್ಮಿ ನಮ್ಮದೇ ವಯಸ್ಸು! ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಫೋನ್ ಬಳಸದವರಲ್ಲಿ ಪ್ರತಿ ಮಿಲಿಲೀಟರ್‌ಗೆ 5.65 ಕೋಟಿ ವೀರ್ಯಾಣು ಇದ್ದರೆ, ದಿನಕ್ಕೆ 20 ಸಲಕ್ಕಿಂತ ಹೆಚ್ಚು ಬಳಸೋರಲ್ಲಿ 4.45 ಕೋಟಿ. ಸುಮಾರು ಐದರಲ್ಲಿ ಒಂದು ಭಾಗ ಕಡಿಮೆ. ಚಲನೆ ಮತ್ತು ಆಕಾರದಲ್ಲಿ ಸಂಬಂಧ ಕಾಣಲಿಲ್ಲ. ಇನ್ನೂ ಎರಡು ವಿಷಯ ಫಾರ್ವರ್ಡ್ ಮೆಸೇಜಿನಲ್ಲಿ ಬರಲ್ಲ, ಕೇಳಿ. ಒಂದು, ಫೋನನ್ನ ಪ್ಯಾಂಟ್ ಜೇಬಿನಲ್ಲಿ ಇಡೋದಕ್ಕೂ ಸಂಖ್ಯೆ ಇಳಿದದ್ದಕ್ಕೂ ಸಂಬಂಧ ಸಿಗಲಿಲ್ಲ. ಎರಡು, ಈ ವ್ಯತ್ಯಾಸ 2005–2007ರಲ್ಲಿ ಜಾಸ್ತಿ ಇತ್ತು, ಆಮೇಲಿನ ವರ್ಷಗಳಲ್ಲಿ ಕಡಿಮೆ ಆಗ್ತಾ ಬಂತು. 2ಜಿಯಿಂದ 4ಜಿಗೆ ಬರುವಾಗ ಫೋನುಗಳ ಪ್ರಸಾರ ಶಕ್ತಿ ಇಳಿದದ್ದಕ್ಕೆ ಇದು ಹೊಂದುತ್ತೆ ಅಂತ ಸಂಶೋಧಕರು ಹೇಳಿದ್ದಾರೆ.

ಈ ಕೋಟಿಗಳನ್ನ ನೋಡಿ ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಉಲ್ಲೇಖ ಮಟ್ಟ 1.6 ಕೋಟಿ. ಎರಡೂ ಗುಂಪಿನ ಸಂಖ್ಯೆ ಅದಕ್ಕಿಂತ ಬಹಳ ಮೇಲಿದೆ.

2021ರಲ್ಲಿ ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದಲ್ಲಿ ಮಗುವಿಗಾಗಿ ಪ್ರಯತ್ನಿಸ್ತಾ ಇದ್ದ ದಂಪತಿಗಳ ಅಧ್ಯಯನ ಪ್ರಕಟವಾಯಿತು. 3000ಕ್ಕೂ ಹೆಚ್ಚು ಗಂಡಸರು. ಅಲ್ಲಿ ಮುಂಜೇಬಿನ ಫೋನಿಗೂ ಗರ್ಭ ನಿಲ್ಲೋದಕ್ಕೂ ಸ್ಥಿರವಾದ ಸಂಬಂಧ ಸಿಗಲಿಲ್ಲ. ಕೊನೆಗೆ ನಮಗೆ ಬೇಕಿರೋ ಉತ್ತರ ಇದೇ ತಾನೇ? ಲ್ಯಾಬಿನಲ್ಲಿ ಎಷ್ಟು ಈಜಿದವು ಅನ್ನೋದಲ್ಲ, ಮಗು ಆಯ್ತಾ ಅನ್ನೋದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಸಮೀಕ್ಷೆಯೂ, ಮನುಷ್ಯರ ಮೇಲಿನ ಪುರಾವೆ ತುಂಬಾ ದುರ್ಬಲ, ಗಟ್ಟಿ ತೀರ್ಮಾನಕ್ಕೆ ಸಾಲದು ಅಂತಲೇ ಹೇಳಿತು.

ಯಾಕೆ ಒಂದೇ ಉತ್ತರ ಬರಲ್ಲ?

ದಿನಕ್ಕೆ ಎಂಟು ಗಂಟೆ ಮೊಬೈಲ್ ನೋಡೋ ಹುಡುಗನನ್ನ ಕಣ್ಣ ಮುಂದೆ ತಂದುಕೊಳ್ಳಿ. ಅವನು ರಾತ್ರಿ ಎರಡು ಗಂಟೆಗೆ ಮಲಗ್ತಾನೆ. ಕೂತೇ ಇರ್ತಾನೆ. ಗೋಬಿ ಮಂಚೂರಿ, ಪಫ್ಸ್ ತಿಂದು ಊಟ ಮುಗಿಸ್ತಾನೆ. ಇರಬಹುದು, ಸಿಗರೇಟೂ ಸೇದ್ತಾನೆ. ಇವನ ವೀರ್ಯಾಣು ಸಂಖ್ಯೆ ಕಡಿಮೆ ಬಂದರೆ ತಪ್ಪು ತರಂಗದ್ದೋ, ನಿದ್ದೆಯದ್ದೋ, ಸಿಗರೇಟಿನದ್ದೋ? ಒಂದರ ಜೊತೆ ಇನ್ನೊಂದು ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ. ಸಂಶೋಧಕರು ಅಂಕಿಅಂಶದಲ್ಲಿ ಇವನ್ನೆಲ್ಲ ಬೇರ್ಪಡಿಸೋಕೆ ನೋಡ್ತಾರೆ, ಆದರೆ ಪೂರ್ತಿ ಬೇರ್ಪಡಿಸೋದು ಕಷ್ಟ. ಮೊಬೈಲನ್ನೇ ಮುಟ್ಟದ ಹುಡುಗರನ್ನ ಹೋಲಿಕೆಗೆ ಈಗ ಎಲ್ಲಿಂದ ತರೋದು, ಹೇಳಿ?

ಒಟ್ಟಾರೆ ನನ್ನ ತೀರ್ಮಾನ ಹೀಗೆ: "ಮಕ್ಕಳಾಗಲ್ಲ" ಅನ್ನೋದಕ್ಕೆ ಪುರಾವೆ ಇಲ್ಲ. "ಏನೇನೂ ಆಗಲ್ಲ" ಅಂತ ಆಣೆ ಮಾಡೋದಕ್ಕೂ ಪುರಾವೆ ಸಾಲದು. ಸಣ್ಣ ಪರಿಣಾಮ ಇರಬಹುದು, ಇಲ್ಲದೆಯೂ ಇರಬಹುದು. ಇಂಥ ಕಡೆ ಖರ್ಚಿಲ್ಲದ ಜಾಗ್ರತೆ ಸಾಕು, ಭಯ ಬೇಕಾಗಿಲ್ಲ.

ಖರ್ಚಿಲ್ಲದ ಜಾಗ್ರತೆ

ಫೋನು ಯಾವಾಗಲೂ ಒಂದೇ ಶಕ್ತಿಯಲ್ಲಿ ಪ್ರಸಾರ ಮಾಡಲ್ಲ. ಟವರ್ ಹತ್ತಿರ ಇದ್ದರೆ ಪಿಸುಗುಟ್ಟುತ್ತೆ, ದೂರ ಇದ್ದರೆ ಕೂಗುತ್ತೆ. ಸುಮ್ಮನೆ ಜೇಬಲ್ಲಿ ಇದ್ದಾಗ ಆಗಾಗ ಮಾತ್ರ "ನಾನಿಲ್ಲಿದ್ದೀನಿ" ಅನ್ನುತ್ತೆ. ಲಿಫ್ಟ್‌ನಲ್ಲಿ, ಬೇಸ್‌ಮೆಂಟ್‌ನಲ್ಲಿ, ಸಕಲೇಶಪುರದ ಘಾಟಿ ಇಳಿಯೋ ರೈಲಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಗಂಟಲು ಹರಿಯೋ ಹಾಗೆ ಕೂಗುತ್ತೆ. ಅಂಥ ಕಡೆ ಫೋನನ್ನ ಬ್ಯಾಗಿಗೆ ಹಾಕಿ, ಇಲ್ಲಾ ಏರೋಪ್ಲೇನ್ ಮೋಡ್‌ಗೆ ಹಾಕಿ. ಬ್ಯಾಟರಿನೂ ಉಳಿಯುತ್ತೆ.

ಜೇಬಲ್ಲಿ ಫೋನ್ ಇಟ್ಟು ಬ್ಲೂಟೂತ್‌ನಲ್ಲಿ ಗಂಟೆಗಟ್ಟಲೆ ಮಾತಾಡೋದು, ಹಾಟ್‌ಸ್ಪಾಟ್ ಆನ್ ಮಾಡಿ ಇಡೀ ರೂಮಿಗೆ ನೆಟ್ ಹಂಚೋದು, ಇವು ಪ್ರಸಾರ ಜಾಸ್ತಿ ಇರೋ ಸಮಯ. ಆಗ ಫೋನು ಟೇಬಲ್ ಮೇಲಿರಲಿ. ಒಂದೆರಡು ಅಡಿ ದೂರ ಸರಿದರೂ ತೀವ್ರತೆ ಬಹಳ ಇಳಿಯುತ್ತೆ.

ಟವರ್ ವಿಷಯದಲ್ಲಿ ಎಲ್ಲರೂ ತಿರುಗಾ ಮುರುಗಾ ಯೋಚಿಸ್ತಾರೆ. ಹಾಸ್ಟೆಲ್ ಹತ್ತಿರ ಟವರ್ ಬೇಡ ಅಂತ ಗಲಾಟೆ ಮಾಡ್ತಾರೆ. ಆದರೆ ಟವರ್ ದೂರ ಹೋದಷ್ಟೂ ಜೇಬಿನ ಫೋನು ಜೋರಾಗಿ ಕೂಗುತ್ತೆ. ಸಾಮಾನ್ಯವಾಗಿ ನಮ್ಮ ಮೈಗೆ ಹೆಚ್ಚು ಶಕ್ತಿ ಬರೋದು ಸ್ವಂತ ಫೋನಿಂದಲೇ. ಟವರ್‌ಗಳ ಮಿತಿಯನ್ನೂ ಭಾರತದಲ್ಲಿ 2012ರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ದರು.

"ಆ್ಯಂಟಿ ರೇಡಿಯೇಷನ್" ಸ್ಟಿಕ್ಕರ್‌ಗೆ ದುಡ್ಡು ಹಾಕಬೇಡಿ. ಅದು ಕೆಲಸ ಮಾಡದಿದ್ದರೆ ದುಡ್ಡು ದಂಡ. ನಿಜಕ್ಕೂ ತರಂಗ ತಡೆದರೆ ಫೋನು ಸಿಗ್ನಲ್ ಸಾಲದು ಅಂತ ಇನ್ನೂ ಜೋರಾಗಿ ಪ್ರಸಾರ ಮಾಡುತ್ತೆ.

ಇದಕ್ಕಿಂತ ಗಟ್ಟಿ ಪುರಾವೆ ಇರೋ ವಿಷಯಗಳು

ಮೊಬೈಲ್ ಬಗ್ಗೆ ಇಷ್ಟು ಚರ್ಚೆ ಮಾಡ್ತಾ, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಅಸೈನ್‌ಮೆಂಟ್ ಬರೀತೀವಿ. 2005ರಲ್ಲಿ ನ್ಯೂಯಾರ್ಕ್‌ನಲ್ಲಿ 29 ಯುವಕರ ಮೇಲೆ ಇದನ್ನ ಅಳೆದಿದ್ದರು. ಒಂದು ಗಂಟೆ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟಾಗ ವೃಷಣಚೀಲದ ತಾಪ 2.6ರಿಂದ 2.8 ಡಿಗ್ರಿ ಏರಿತು. ಲ್ಯಾಪ್‌ಟಾಪ್ ಇಲ್ಲದೆ ಬರೀ ತೊಡೆ ಜೋಡಿಸಿ ಕೂತಿದ್ದಕ್ಕೇ 2.1 ಡಿಗ್ರಿ! ಮೇಲೆ ಹಾಕಿದ ಫೋನಿನ ಲೆಕ್ಕದ ಪಕ್ಕ ಇದನ್ನ ಇಟ್ಟು ನೋಡಿ. ಪ್ರಕೃತಿ ಕಷ್ಟಪಟ್ಟು ಕಟ್ಟಿದ 2–4 ಡಿಗ್ರಿಯ ಅಂತರವನ್ನ ನಾವು ಒಂದೇ ಗಂಟೆಯಲ್ಲಿ ಅಳಿಸಿ ಹಾಕ್ತೀವಿ. ಟೇಬಲ್ ಇದೆಯಲ್ಲ, ಬಳಸಿ.

ಸಿಗರೇಟು, ಅತಿಯಾದ ಕುಡಿತ, ಬೊಜ್ಜು, ಇವು ವೀರ್ಯದ ಗುಣಮಟ್ಟಕ್ಕೆ ಪೆಟ್ಟು ಕೊಡ್ತವೆ. ಜಿಮ್‌ನಲ್ಲಿ ಬೇಗ ಮೈ ಬರಲಿ ಅಂತ ಯಾರಾದರೂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಅಥವಾ ಸ್ಟೆರಾಯ್ಡ್ ಕೊಡೋಕೆ ಬಂದರೆ ಹತ್ತಿರಕ್ಕೂ ಸೇರಿಸಬೇಡಿ. ಹೊರಗಿಂದ ಹಾರ್ಮೋನ್ ಬಂದರೆ ಮೆದುಳು ಒಳಗಿನ ಉತ್ಪಾದನೆಗೆ ಕೊಡೋ ಆದೇಶ ನಿಲ್ಲಿಸುತ್ತೆ, ವೀರ್ಯಾಣು ಸಂಖ್ಯೆ ಸೊನ್ನೆಯವರೆಗೂ ಇಳಿಯಬಹುದು. ಮೇಲೆ ಹೇಳಿದ ಹೀಟ್ ಎಕ್ಸ್‌ಚೇಂಜರ್‌ನ ನರಗಳು ಉಬ್ಬಿಕೊಳ್ಳೋ ತೊಂದರೆಗೆ ವೆರಿಕೋಸೀಲ್ ಅಂತಾರೆ. ಸುಮಾರು 15 ಶೇಕಡಾ ಗಂಡಸರಲ್ಲಿ ಇರುತ್ತೆ. ಎಲ್ಲರಿಗೂ ತೊಂದರೆ ಕೊಡಲ್ಲ, ಕೊಟ್ಟರೆ ಚಿಕಿತ್ಸೆ ಇದೆ. ಗಂಟು, ನೋವು, ಭಾರ ಅನ್ನಿಸಿದರೆ ನಾಚಿಕೊಳ್ಳದೆ ಡಾಕ್ಟರ್ ಹತ್ತಿರ ಹೋಗಿ. ಮುಚ್ಚಿಟ್ಟುಕೊಂಡರೆ ವಾಸಿಯಾಗಲ್ಲ.

ಕೊನೆಯದಾಗಿ ಒಂದು ಮಾತು, ಇದು ಹುಡುಗಿಯರಿಗೂ ಸೇರಿದ್ದು. ನಮ್ಮಲ್ಲಿ ಮಕ್ಕಳಾಗದ ಹೆಂಗಸಿಗೆ "ಬಂಜೆ" ಅಂತ ಒಂದು ಪದ ಸಿದ್ಧವಾಗಿದೆ. ಗಂಡಸಿಗೆ ಅಂತ ಜನ ಬಳಸೋ ಬೈಗುಳಗಳೆಲ್ಲ ಲೈಂಗಿಕ ಸಾಮರ್ಥ್ಯದ ಬಗ್ಗೆ. ಅದಕ್ಕೂ ವೀರ್ಯಾಣು ಸಂಖ್ಯೆಗೂ ಸಂಬಂಧವೇ ಇಲ್ಲ. ಆರೋಗ್ಯವಾಗಿ, ಗಟ್ಟಿಮುಟ್ಟಾಗಿ ಇರೋ ಗಂಡಸಿನ ಕೌಂಟ್ ಕೂಡ ಕಡಿಮೆ ಇರಬಹುದು, ಪರೀಕ್ಷೆ ಮಾಡಿಸದೆ ಗೊತ್ತಾಗಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ. ಆದರೂ ಮೊದಲು ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಹರಕೆ, ಉಪವಾಸ ಎಲ್ಲ ಹೆಂಡತಿಗೆ. ಗಂಡನ ವೀರ್ಯ ಪರೀಕ್ಷೆಗೆ ಸೂಜಿ ಕೂಡ ಚುಚ್ಚಲ್ಲ, ಅದು ಬರೋದು ಮಾತ್ರ ಕೊನೆಗೆ.

ಪ್ಯಾಂಟ್ ಜೇಬಿನ ಮೊಬೈಲ್ ಒಂದು ಒಳ್ಳೇದು ಮಾಡಿದೆ ಅಂದ್ರೆ ಇದೇ: ಅದರ ನೆಪದಲ್ಲಾದರೂ ಗಂಡಸರ ಸಂತಾನ ಆರೋಗ್ಯದ ಮಾತು ಬಂತು. ಮುಂದಿನ ಸಲ ಮಾವ ಈ ವಿಷಯ ಎತ್ತಿದರೆ ನಕ್ಕು ಸುಮ್ಮನಾಗಬೇಡಿ. "ಫೋನು ಆ ಕಡೆ ಇಡ್ತೀನಿ ಮಾವ, ನೀವು ಸಿಗರೇಟು ಬಿಡಿ" ಅನ್ನಿ.